ಕ್ಷಮಿಸಿದ್ದು ಸರಿ, ಉತ್ತರ ಕೊಟ್ಟಿರಾ?

ಸ್ಪೇನ್ ಪ್ರಧಾನಿ ಪೆಡ್ರೊ ಸ್ಯಾಂಚೆಜ್ ಅವರಿಗೆ,



2025ರ ಜೂನ್ 26ರಂದು ನಿಮ್ಮ ದೇಶದ ಸಾಂವಿಧಾನಿಕ ನ್ಯಾಯಾಲಯ ಕ್ಯಾಟಲೋನಿಯಾ ಪ್ರಕರಣಗಳ ಕ್ಷಮಾದಾನ ಕಾಯ್ದೆಯ ಬಹುಪಾಲನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿಗಳು ಆರು ಮಂದಿ ಒಂದು ಕಡೆ, ನಾಲ್ವರು ಇನ್ನೊಂದು ಕಡೆ. 2021ರ ಜೂನ್‌ನಲ್ಲಿ ಒಂಬತ್ತು ನಾಯಕರ ಶಿಕ್ಷೆ ಮನ್ನಾ ಮಾಡಿದಿರಿ. 2023ರ ಜನವರಿಗೆ ರಾಜದ್ರೋಹದ ಅಪರಾಧವೇ ದಂಡಸಂಹಿತೆಯಿಂದ ಹೋಯಿತು. 2024ರಲ್ಲಿ ಸಾರ್ವತ್ರಿಕ ಕ್ಷಮಾದಾನ ಬಂತು. ಜೈಲಿನ ಬಾಗಿಲು ತೆರೆಯುವುದಕ್ಕೆ ಧೈರ್ಯ ಬೇಕು. ನಿಮ್ಮ ಹಿಂದಿನವರು ತೋರದ ಆ ಧೈರ್ಯವನ್ನು ನೀವು ತೋರಿದ್ದೀರಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವುದು ನಿಮಗೆ ಹಿತವಾಗಲಾರದು.

ಈ ಮೂರೂ ಕ್ರಮಗಳು ಪ್ರಶ್ನೆ ಕೇಳಿದವರಿಗೆ ಸಂಬಂಧಿಸಿದವು. ಅವರು ಕೇಳಿದ ಪ್ರಶ್ನೆಯನ್ನು ಒಂದೂ ಮುಟ್ಟಿಲ್ಲ. ಕ್ಯಾಟಲೋನಿಯಾ ಸ್ಪೇನ್‌ನಲ್ಲಿ ಇರಬೇಕೇ, ಬೇರೆಯಾಗಬೇಕೇ? ಅದನ್ನು ತೀರ್ಮಾನಿಸುವವರು ಯಾರು? ಯಾವ ನಿಯಮದ ಮೇಲೆ? 2017ರ ಅಕ್ಟೋಬರ್ 1ರಂದು ಸುಮಾರು 23 ಲಕ್ಷ ಜನ ಮತಪೆಟ್ಟಿಗೆಯೊಳಗೆ ಹಾಕಿದ್ದು ಈ ಪ್ರಶ್ನೆಯನ್ನು. ದೂರು ಕೊಟ್ಟವನನ್ನು ಲಾಕಪ್ಪಿನಿಂದ ಬಿಟ್ಟು, ಅವನ ಅರ್ಜಿಯನ್ನು ಬೀರುವಿನ ಹಿಂದೆ ಬೀಳಿಸುವ ತಾಲ್ಲೂಕು ಕಚೇರಿಯ ಜಾಣತನ ನಮಗೆ ಚೆನ್ನಾಗಿ ಗೊತ್ತು. ನಿಮ್ಮ ಸರ್ಕಾರದ ಕ್ಯಾಟಲೋನಿಯಾ ನೀತಿಯಲ್ಲೂ ಅದೇ ಜಾಣತನ ಕಾಣುತ್ತಿದೆ.

ಬೆಂಗಳೂರಿನಲ್ಲಿ ಕೂತು ಕನ್ನಡದಲ್ಲಿ ಬರೆಯುವವನಿಗೆ ಇದರ ಉಸಾಬರಿ ಏಕೆ ಎಂದು ನೀವು ಕೇಳಬಹುದು. 2017ರಲ್ಲಿ ನಮ್ಮ ವಿದೇಶಾಂಗ ಸಚಿವಾಲಯ, ಕ್ಯಾಟಲನ್ನರು ತಮ್ಮ ಅಸ್ಮಿತೆಯ ವಿಷಯವನ್ನು ಸ್ಪೇನ್ ಸಂವಿಧಾನದ ಚೌಕಟ್ಟಿನಲ್ಲೇ ಬಗೆಹರಿಸಿಕೊಳ್ಳಲಿ ಎಂದು ಹೇಳಿತು. ಸರ್ಕಾರಗಳು ಸರ್ಕಾರಗಳಿಗೆ ಆಡುವ ಮಾತು ಅದು. ನಾನು ಆಡುತ್ತಿರುವುದು ಪ್ರಜೆಯ ಮಾತು. 1956ರವರೆಗೆ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಜನರ ಮೊಮ್ಮಕ್ಕಳು ನಾವು. ನಮ್ಮ ಹಿರಿಯರು ಕೇಳಿದ್ದು ದೇಶದೊಳಗೆ ಒಂದು ರಾಜ್ಯವನ್ನು, ಬೇರೆ ದೇಶವನ್ನಲ್ಲ. ಆ ವ್ಯತ್ಯಾಸ ದೊಡ್ಡದು. ಆದರೂ ನಕ್ಷೆಯ ಬಗ್ಗೆ ಪ್ರಶ್ನೆ ಎತ್ತುವುದೇ ದ್ರೋಹ ಎಂಬ ಮಾತು ನಮ್ಮ ಗಂಟಲಲ್ಲಿ ಸುಲಭವಾಗಿ ಇಳಿಯುವುದಿಲ್ಲ. ಕ್ಯಾಟಲೋನಿಯಾ ಸ್ವತಂತ್ರವಾಗಲಿ ಎಂಬ ವಾದ ನನ್ನದಲ್ಲ. ಆ ಮತ ನನ್ನದೂ ಅಲ್ಲ, ಒಂದು ಅರ್ಥದಲ್ಲಿ ನಿಮ್ಮದೂ ಅಲ್ಲ.

ಮೊದಲು ಅಕ್ಟೋಬರ್ 1ರ ಮತದಾನದ ಬಗ್ಗೆಯೇ ನೇರವಾಗಿ ಹೇಳುತ್ತೇನೆ. ಅದು ಬೇರೆ ದೇಶ ಕಟ್ಟುವ ಆದೇಶ ಆಗಿರಲಿಲ್ಲ. ಆಗುವುದು ಸಾಧ್ಯವೂ ಇರಲಿಲ್ಲ. ಸೆಪ್ಟೆಂಬರ್ 6ರಂದು ಕ್ಯಾಟಲನ್ ಸಂಸತ್ತು ಜನಮತಗಣನೆ ಕಾಯ್ದೆಯನ್ನು ಒಂದೇ ದಿನದಲ್ಲಿ ಮಂಡಿಸಿ, ಚರ್ಚಿಸಿ, ಅಂಗೀಕರಿಸಿತು. ಸಂಸತ್ತಿನ ಕಾನೂನು ಸಲಹೆಗಾರರು ಎಚ್ಚರಿಸಿದ್ದರು, ಯಾರೂ ಕಿವಿಗೊಡಲಿಲ್ಲ. ವಿರೋಧ ಪಕ್ಷಗಳ ಬಹುಪಾಲು ಸದಸ್ಯರು ಎದ್ದು ಹೋದರು. 135 ಸ್ಥಾನಗಳ ಸದನದಲ್ಲಿ ಕಾಯ್ದೆಯ ಪರ ಬಿದ್ದ ಮತ 72. ಅದೇ ಸದನ ತನ್ನ ಸ್ವಾಯತ್ತತಾ ಶಾಸನದ ಒಂದು ವಿಧಿಯನ್ನು ಬದಲಿಸಬೇಕಾದರೂ ಮೂರನೇ ಎರಡರಷ್ಟು, ಅಂದರೆ 90 ಮತ ಬೇಕು. ಶಾಸನದ ಒಂದು ಸಾಲು ತಿದ್ದಲು 90 ಮತ, ಇಡೀ ದೇಶವನ್ನೇ ಬಿಟ್ಟುಹೋಗಲು 72. ಈ ಲೆಕ್ಕವನ್ನು ಯಾವ ಪ್ರಜಾಪ್ರಭುತ್ವವಾದಿಯೂ ಒಪ್ಪಲಾರ.

ಮತದಾನದ ದಿನದ ಕಥೆಯೂ ಅಷ್ಟೆ. ಚುನಾವಣಾ ಮಂಡಳಿ ನ್ಯಾಯಾಲಯದ ದಂಡಕ್ಕೆ ಹೆದರಿ ಮೊದಲೇ ರಾಜೀನಾಮೆ ಕೊಟ್ಟಿತ್ತು. ಯಾರು ಬೇಕಾದರೂ ಯಾವ ಮತಗಟ್ಟೆಯಲ್ಲಾದರೂ ಮತ ಹಾಕಬಹುದು ಎಂಬ ಹೊಸ ನಿಯಮ ಪ್ರಕಟವಾದದ್ದು ಮತದಾನದ ಬೆಳಿಗ್ಗೆ. ಕನಿಷ್ಠ ಇಷ್ಟು ಮಂದಿ ಮತ ಹಾಕಿರಬೇಕೆಂಬ ಷರತ್ತು ಕಾಯ್ದೆಯಲ್ಲಿ ಇರಲೇ ಇಲ್ಲ. ಹೌದು ಎಂದವರು ಶೇ 90, ಮತ ಹಾಕಿದವರು ಮಾತ್ರ ಶೇ 43ರಷ್ಟು. ಸ್ಪೇನ್‌ನಲ್ಲೇ ಉಳಿಯಬೇಕು ಎನ್ನುವ ಕ್ಯಾಟಲನ್ನರಲ್ಲಿ ಹೆಚ್ಚಿನವರು ಮನೆಯಲ್ಲೇ ಉಳಿದರು. ಎದುರಾಳಿಯಿಲ್ಲದ ಮತದಾನದಲ್ಲಿ ಶೇ 90ಕ್ಕೆ ಎಷ್ಟು ಬೆಲೆ ಎಂದು ಸ್ಪೇನ್‌ನವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. 1947 ಮತ್ತು 1966ರಲ್ಲಿ ಫ್ರಾಂಕೊ ನಡೆಸಿದ ಜನಮತಗಣನೆಗಳಲ್ಲೂ ಹೌದು ಎಂಬ ಮತ ಶೇ 90 ದಾಟಿತ್ತು. ಬಾರ್ಸಿಲೋನಾದ ಚಳವಳಿ ಫ್ರಾಂಕೊನ ಸಂತಾನ ಎಂದು ನಾನು ಹೇಳುತ್ತಿಲ್ಲ, ಆ ಆರೋಪ ಹಾಸ್ಯಾಸ್ಪದ. ಎರಡೂ ಕಡೆಯವರು ನಂಬಿ ಮತಗಟ್ಟೆಗೆ ಬಂದಾಗಲೇ ಅಂಕಿಗೆ ಬಲ ಬರುತ್ತದೆ ಎಂಬುದಷ್ಟೇ ನನ್ನ ಮಾತು. ಅಕ್ಟೋಬರ್ 27ರಂದು ಅರ್ಧ ಖಾಲಿ ಸದನದಲ್ಲಿ, ಗುಪ್ತ ಮತದಾನದಲ್ಲಿ, 70 ಮತಗಳಿಂದ ಗಣರಾಜ್ಯ ಘೋಷಿಸಿದ ಅಂದಿನ ಕ್ಯಾಟಲನ್ ಅಧ್ಯಕ್ಷ ಕಾರ್ಲೆಸ್ ಪುಜ್ಡೆಮೊನ್ ಮತ್ತವರ ಸಂಗಡಿಗರು ತಮ್ಮವರನ್ನೇ ಬೀದಿಯಲ್ಲಿ ಬಿಟ್ಟುಹೋದರು.

ಹೀಗೆ ಹೇಳಿದ ಮೇಲೆ ನಿಮ್ಮ ಕಡೆಗೆ ತಿರುಗುವ ಹಕ್ಕು ನನಗಿದೆ. ಅಕ್ಟೋಬರ್ 1ರ ಸಂಜೆ ಅಂದಿನ ಪ್ರಧಾನಿ ಮರಿಯಾನೊ ರಹೊಯ್, ಇವತ್ತು ಜನಮತಗಣನೆ ನಡೆದೇ ಇಲ್ಲ ಎಂದರು. ನಡೆಯದೇ ಇದ್ದದ್ದನ್ನು ತಡೆಯಲು ಸಾವಿರಾರು ಪೊಲೀಸರು ಏಕೆ ಬೇಕಾಯಿತು? ಬಾರ್ಸಿಲೋನಾ ಬಂದರಿನಲ್ಲಿ ಕಾರ್ಟೂನ್ ಹಕ್ಕಿ ಟ್ವೀಟಿಯ ಚಿತ್ರ ಬಳಿದಿದ್ದ ಹಡಗನ್ನು ಬಾಡಿಗೆಗೆ ಹಿಡಿದು ಅವರನ್ನು ಇಳಿಸಿದ್ದು ಏಕೆ? ಶಾಲೆಗಳ ಗಾಜಿನ ಬಾಗಿಲು ಒಡೆದದ್ದು, ಸಾಲಿನಲ್ಲಿ ನಿಂತವರ ಮೇಲೆ ಲಾಠಿ ಬೀಸಿದ್ದು, ರಬ್ಬರ್ ಗುಂಡಿಗೆ ಒಬ್ಬರ ಕಣ್ಣು ಹೋದದ್ದು ಯಾವ ಕಾನೂನಿನ ರಕ್ಷಣೆಗೆ? ಸಾವಿರಕ್ಕೂ ಹೆಚ್ಚು ಜನ ಚಿಕಿತ್ಸೆ ಪಡೆದರು ಎಂದು ಕ್ಯಾಟಲನ್ ಆರೋಗ್ಯ ಇಲಾಖೆ ಹೇಳಿತು. ಅವುಗಳಲ್ಲಿ ಹೆಚ್ಚಿನವು ಸಣ್ಣ ಗಾಯಗಳು ಎಂಬ ನಿಮ್ಮವರ ಆಕ್ಷೇಪವನ್ನು ಒಪ್ಪುತ್ತೇನೆ. ಪೊಲೀಸರು ಮಿತಿಮೀರಿ ಬಲ ಬಳಸಿದರು ಎಂದು ಹ್ಯೂಮನ್ ರೈಟ್ಸ್ ವಾಚ್ ಹೇಳಿದ್ದನ್ನು ನೀವೂ ಒಪ್ಪಿಕೊಳ್ಳಿ.

ಜನಮತಗಣನೆ ನಡೆದೇ ಇಲ್ಲ, ನಡೆದದ್ದು ರಾಜದ್ರೋಹ ಎಂಬ ಎರಡು ಮಾತುಗಳಲ್ಲಿ ಒಂದೇ ನಿಜವಾಗಲು ಸಾಧ್ಯ. ಅದು ಬರೀ ನಾಟಕವಾಗಿದ್ದರೆ ನಾಟಕ ಆಡಿದವರಿಗೆ 9ರಿಂದ 13 ವರ್ಷದ ಜೈಲು ಹೇಗೆ ನ್ಯಾಯ? ನಾಗರಿಕ ಸಂಘಟನೆಗಳ ಇಬ್ಬರು ಮುಖ್ಯಸ್ಥರು, ಜೋರ್ಡಿ ಸಾಂಚೆಜ್ ಮತ್ತು ಜೋರ್ಡಿ ಕುಯ್‌ಶಾರ್ಟ್, ಅಕ್ಟೋಬರ್ 16ರಂದೇ ಜೈಲು ಸೇರಿದರು. ಅವರು ಹೊರಬಂದದ್ದು ಮೂರೂವರೆ ವರ್ಷ ಕಳೆದ ಮೇಲೆ. ಸ್ವಾಯತ್ತತೆಯನ್ನೇ ಅಮಾನತಿನಲ್ಲಿಟ್ಟ ಸಂವಿಧಾನದ 155ನೇ ವಿಧಿಗೆ ನಿಮ್ಮ ಪಕ್ಷವೂ ಕೈ ಎತ್ತಿತ್ತು. ಆಗ ಪಕ್ಷದ ಚುಕ್ಕಾಣಿ ನಿಮ್ಮ ಕೈಯಲ್ಲೇ ಇತ್ತು.

ನಿಮ್ಮ ಪಕ್ಷದ್ದೇ ಇನ್ನೊಂದು ಹಳೆಯ ಪುಟವನ್ನೂ ನೆನಪಿಸುತ್ತೇನೆ. ಅನುಮತಿಯಿಲ್ಲದೆ ಜನಮತಗಣನೆ ಕರೆಯುವುದನ್ನು 2003ರಲ್ಲಿ ಹೊಸೆ ಮರಿಯಾ ಅಸ್ನಾರ್ ಸರ್ಕಾರ ಜೈಲುಶಿಕ್ಷೆಯ ಅಪರಾಧ ಮಾಡಿತು. 2005ರಲ್ಲಿ ಆ ಕಲಮನ್ನು ಕಿತ್ತುಹಾಕಿದ್ದು ಸಮಾಜವಾದಿ ಪಕ್ಷದ ಸಪಟೇರೊ ಸರ್ಕಾರ. ಇಂಥ ನಡೆಗೆ ದಂಡಸಂಹಿತೆ ಬೇಡ, ಸೆರೆವಾಸವಂತೂ ಬೇಡವೇ ಬೇಡ ಎಂಬ ತರ್ಕ ಆ ಕಾಯ್ದೆಯ ಪೀಠಿಕೆಯಲ್ಲೇ ಇದೆ. 2017ರಲ್ಲಿ ಆ ತರ್ಕ ಎಲ್ಲಿ ಹೋಯಿತು? ಮುಂಬಾಗಿಲಲ್ಲಿ ಹೊರಗೆ ಕಳಿಸಿದ ಶಿಕ್ಷೆ ರಾಜದ್ರೋಹ ಎಂಬ ಹೆಸರಿನಲ್ಲಿ ಹಿತ್ತಲಿನಿಂದ ಒಳಗೆ ಬಂದಾಗ ನಿಮ್ಮವರು ಸುಮ್ಮನಿದ್ದದ್ದು ಏಕೆ?

ಕ್ಯಾಟಲನ್ನರು ಕಾನೂನಿನ ದಾರಿ ಬಿಟ್ಟರು ಎಂದು ಮ್ಯಾಡ್ರಿಡ್ ಹೇಳುತ್ತಲೇ ಬಂದಿದೆ. ಆ ದಾರಿಯಲ್ಲಿ ಅವರು ನಡೆದು ನೋಡಿದ್ದರು. 2006ರ ಸ್ವಾಯತ್ತತಾ ಶಾಸನದ ಕಥೆ ಅದು. ಬಾರ್ಸಿಲೋನಾದ ಸಂಸತ್ತು ಅದನ್ನು ಅಂಗೀಕರಿಸಿತು. ಮ್ಯಾಡ್ರಿಡ್ ಸಂಸತ್ತು ಕತ್ತರಿಸಿ, ತಿದ್ದಿ, ಒಪ್ಪಿತು. 2006ರ ಜೂನ್ 18ರ ಜನಮತಗಣನೆಯಲ್ಲಿ ಮತ ಹಾಕಿದ ಸುಮಾರು ಶೇ 74 ಜನ ಹೌದು ಎಂದರು. ಎಲ್ಲವೂ ಕ್ರಮಬದ್ಧ, ಎಲ್ಲದಕ್ಕೂ ಮುದ್ರೆ ಇತ್ತು. ಆದರೂ ರಹೊಯ್ ಅವರ ಪಾಪ್ಯುಲರ್ ಪಾರ್ಟಿ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯ ನಾಲ್ಕು ವರ್ಷ ಎಳೆದು 2010ರ ಜೂನ್ 28ರಂದು 14 ವಿಧಿಗಳಿಗೆ ಕತ್ತರಿ ಹಾಕಿತು, ಇನ್ನೂ 27 ವಿಧಿಗಳನ್ನು ತಾನು ಹೇಳಿದ ಅರ್ಥದಲ್ಲೇ ಓದಬೇಕೆಂದು ಕಟ್ಟು ಹಾಕಿತು. ಪೀಠಿಕೆಯಲ್ಲಿ ಕ್ಯಾಟಲೋನಿಯಾವನ್ನು ರಾಷ್ಟ್ರ ಎಂದದ್ದಕ್ಕೆ ಕಾನೂನಿನ ಬಲವಿಲ್ಲ ಎಂದಿತು. ಅದೇ ಧಾಟಿಯ ಕೆಲವು ವಿಧಿಗಳು ಆಂಡಲೂಸಿಯಾದ ಶಾಸನದಲ್ಲಿ ಯಾರ ತಕರಾರೂ ಇಲ್ಲದೆ ಉಳಿದಿವೆ. ತೀರ್ಪು ಬಂದ ಹನ್ನೆರಡನೇ ದಿನಕ್ಕೆ, ಜುಲೈ 10ರಂದು, ನಾವೊಂದು ರಾಷ್ಟ್ರ, ನಿರ್ಧರಿಸುವವರು ನಾವು ಎಂಬ ಘೋಷಣೆಯ ಹಿಂದೆ ಬಾರ್ಸಿಲೋನಾದ ಬೀದಿ ತುಂಬಿತು.

ಜನ ಮತ ಹಾಕಿ ಒಪ್ಪಿದ ಮೇಲೆ ನ್ಯಾಯಾಲಯ ತಿದ್ದುವುದು ತಲೆಕೆಳಗಾದ ಕ್ರಮ ಎಂದು ಕೊನೆಗೆ ನಿಮ್ಮ ಸಂಸತ್ತಿಗೂ ಹೊಳೆಯಿತು. 2015ರಲ್ಲಿ ತಂದ ಕಾಯ್ದೆಯ ಪ್ರಕಾರ ಸ್ವಾಯತ್ತತಾ ಶಾಸನದ ಸಾಂವಿಧಾನಿಕತೆಯನ್ನು ಈಗ ಜನಮತಕ್ಕೆ ಮೊದಲೇ ಪರೀಕ್ಷಿಸಬಹುದು. ಪಾಠ ಕಲಿತದ್ದು ಒಳ್ಳೆಯದೇ. ಆದರೆ ಆ ಹಳೆಯ ಕ್ರಮಕ್ಕೆ ಬಲಿಯಾದ ಕ್ಯಾಟಲನ್ನರ ಮುಂದೆ ಹೊಸ ಶಾಸನ ಇಟ್ಟು ಮತ ಕೇಳುವ ಕೆಲಸ ಇವತ್ತಿನವರೆಗೂ ಆಗಿಲ್ಲ. ಅವರು ಬದುಕುತ್ತಿರುವುದು ತಾವು ಮತ ಹಾಕದ ಪಠ್ಯದ ಕೆಳಗೆ. ಮಾನ್ಯತೆಯ ಬಗ್ಗೆ ಮಾತಾಡುವುದಾದರೆ ಇಲ್ಲಿಂದಲೇ ಶುರು ಮಾಡೋಣ.

ಇನ್ನು ಸಂವಿಧಾನ ಬಿಡುವುದಿಲ್ಲ ಎಂಬ ಮಾತು. 1978ರ ಸಂವಿಧಾನದ ಎರಡನೇ ವಿಧಿ ಸ್ಪೇನ್‌ನ ಏಕತೆ ಒಡೆಯಲಾಗದ್ದು ಎನ್ನುತ್ತದೆ. ಸಾರ್ವಭೌಮತ್ವ ಇಡೀ ಸ್ಪ್ಯಾನಿಷ್ ಜನತೆಯದು ಎಂಬುದು ಮೊದಲನೇ ವಿಧಿ. ಆ ಸಂವಿಧಾನಕ್ಕೆ ಕ್ಯಾಟಲೋನಿಯಾದಲ್ಲೇ ಶೇ 90ಕ್ಕೂ ಹೆಚ್ಚು ಮತ ಬಿದ್ದಿತ್ತು ಎಂಬುದೂ ನಿಜ. ಆದರೆ ಅದೇ ಪುಸ್ತಕದ 92ನೇ ವಿಧಿ ಮಹತ್ವದ ರಾಜಕೀಯ ನಿರ್ಧಾರಗಳ ಬಗ್ಗೆ ಸಲಹಾ ರೂಪದ ಜನಮತಗಣನೆಗೆ ಅವಕಾಶ ಕೊಡುತ್ತದೆ. 150ನೇ ವಿಧಿ ಕೇಂದ್ರದ ಕೆಲವು ಅಧಿಕಾರಗಳನ್ನು ಸ್ವಾಯತ್ತ ಪ್ರದೇಶಗಳಿಗೆ ವರ್ಗಾಯಿಸಲು ದಾರಿ ತೋರುತ್ತದೆ. ಸಾಂವಿಧಾನಿಕ ನ್ಯಾಯಾಲಯದ ಉಪಾಧ್ಯಕ್ಷರಾಗಿದ್ದ ಫ್ರಾನ್ಸಿಸ್ಕೊ ರೂಬಿಯೊ ಯೊರೆಂಟೆ 2012ರಲ್ಲೇ ಕ್ಯಾಟಲೋನಿಯಾಕ್ಕೆ ಒಂದು ಜನಮತಗಣನೆ ಬೇಕೆಂದು ಪತ್ರಿಕೆಯಲ್ಲಿ ಬರೆದರು. ಅವರನ್ನು ಯಾರೂ ಪ್ರತ್ಯೇಕತಾವಾದಿ ಎನ್ನಲಾರರು. ನಿರ್ಧರಿಸುವ ಹಕ್ಕು ಎಂಬ ಆಶಯವನ್ನು ಸಂವಿಧಾನಬದ್ಧ ದಾರಿಯಲ್ಲಿ ಸಾಧಿಸಲು ಹೊರಡಬಹುದು ಎಂದು 2014ರ ಮಾರ್ಚ್‌ನಲ್ಲಿ ನ್ಯಾಯಾಲಯವೇ ಹೇಳಿತು. ಮರು ತಿಂಗಳು ಕ್ಯಾಟಲನ್ ಪ್ರತಿನಿಧಿಗಳು ಕೈಯಲ್ಲಿ ಅರ್ಜಿ ಹಿಡಿದು ಮ್ಯಾಡ್ರಿಡ್‌ಗೆ ಬಂದಾಗ ಸಂಸತ್ತು 299ಕ್ಕೆ 47 ಮತಗಳಿಂದ ಬಾಗಿಲು ಮುಚ್ಚಿತು.

ಸಾರ್ವಭೌಮತ್ವವನ್ನು ಮುಟ್ಟುವ ಪ್ರಶ್ನೆಗೆ ಸಂವಿಧಾನದ ತಿದ್ದುಪಡಿಯೇ ಬೇಕು ಎಂದು ಬಾಸ್ಕ್ ಪ್ರಕರಣದಲ್ಲಿ 2008ರಲ್ಲೇ ನ್ಯಾಯಾಲಯ ಹೇಳಿದೆ, 92ನೇ ವಿಧಿ ಸಾಲದು ಎಂದು ನಿಮ್ಮ ವಕೀಲರು ಉತ್ತರಿಸಬಹುದು. ಹಾಗಿದ್ದರೆ ತಿದ್ದುಪಡಿ ತನ್ನಿ. 2011ರಲ್ಲಿ ಸಾಲದ ಮಾರುಕಟ್ಟೆಗಳು ಕಣ್ಣು ಕೆಂಪು ಮಾಡಿದಾಗ ನಿಮ್ಮ ಪಕ್ಷ ಮತ್ತು ಪಾಪ್ಯುಲರ್ ಪಾರ್ಟಿ ಸೇರಿ, ಜನಮತವನ್ನೂ ಕೇಳದೆ, ಕೆಲವೇ ವಾರಗಳಲ್ಲಿ 135ನೇ ವಿಧಿಯನ್ನು ತಿದ್ದಿದಿರಿ. ಏಕತೆಯ ವಿಧಿಯನ್ನು ತಿದ್ದುವ ದಾರಿ ಅದಕ್ಕಿಂತ ಬಹಳ ಕಡಿದಾದದ್ದು, ಗೊತ್ತು. ಮೂರನೇ ಎರಡರ ಬಹುಮತ, ಸಂಸತ್ತಿನ ವಿಸರ್ಜನೆ, ಹೊಸ ಸಂಸತ್ತಿನ ಒಪ್ಪಿಗೆ, ಕೊನೆಗೆ ದೇಶದಾದ್ಯಂತ ಮತದಾನ. ಆದರೆ ಮೊದಲ ಹೆಜ್ಜೆಯನ್ನಾದರೂ ಯಾರಾದರೂ ಇಟ್ಟಿದ್ದಾರೆಯೇ? ಸ್ಪೇನ್ ಅನ್ನು ಒಕ್ಕೂಟ ಮಾದರಿಯಲ್ಲಿ ಮರುರೂಪಿಸುವ ಭರವಸೆಯನ್ನು ನಿಮ್ಮ ಪಕ್ಷ 2013ರಲ್ಲಿ ಗ್ರನಾಡಾದಲ್ಲಿ ಘೋಷಿಸಿತ್ತು. ಆ ಘೋಷಣೆ ಇನ್ನೂ ಕಾಗದದಲ್ಲೇ ಇದೆ.

ಮನಸ್ಸಿದ್ದಾಗ ನಿಮ್ಮ ದೇಶ ಏನು ಮಾಡಬಲ್ಲದು ಎಂಬುದಕ್ಕೆ ಇತಿಹಾಸದಲ್ಲೇ ಸಾಕ್ಷಿ ಇದೆ. 1977ರ ಸೆಪ್ಟೆಂಬರ್‌ನಲ್ಲಿ, ಸಂವಿಧಾನ ಬರುವ ಒಂದು ವರ್ಷಕ್ಕೂ ಮೊದಲೇ, ಅಂದಿನ ಪ್ರಧಾನಿ ಅಡೊಲ್ಫೊ ಸ್ವಾರೆಜ್ ಸುಗ್ರೀವಾಜ್ಞೆಯಿಂದ ಕ್ಯಾಟಲನ್ ಸರ್ಕಾರವನ್ನು ಮರುಸ್ಥಾಪಿಸಿದರು. 1954ರಿಂದ ದೇಶಭ್ರಷ್ಟರಾಗಿಯೇ ಅಧ್ಯಕ್ಷ ಪಟ್ಟ ಹೊತ್ತಿದ್ದ ಜೋಸೆಪ್ ತರದೆಯಾಸ್ ಅಕ್ಟೋಬರ್ 23ರಂದು ಬಾರ್ಸಿಲೋನಾಕ್ಕೆ ಮರಳಿದರು. ಫ್ರಾಂಕೊನ ಕಾನೂನಿನಲ್ಲಿ ಅವರಿಗೆ ಸ್ಥಾನವಿರಲಿಲ್ಲ, ಹೊಸ ಕಾನೂನು ಇನ್ನೂ ಹುಟ್ಟಿರಲಿಲ್ಲ. ಜನರ ಕಣ್ಣಲ್ಲಿ ಅವರಿಗಿದ್ದ ಮಾನ್ಯತೆಯನ್ನು ಸ್ವಾರೆಜ್ ಗುರುತಿಸಿದರು, ಕಾನೂನನ್ನು ಅದಕ್ಕೆ ಹೊಂದಿಸಿದರು. ಬಲಪಂಥದ ಹಳೆಯ ಆಡಳಿತದಿಂದ ಬಂದ ಮನುಷ್ಯ ಮಾಡಿದ್ದನ್ನು ಸಮಾಜವಾದಿ ಪ್ರಧಾನಿ ಮಾಡಲಾರರೇ?

ಬೇರೆ ದೇಶಗಳೂ ಈ ಹೊಳೆಯನ್ನು ದಾಟಿವೆ. 1995ರಲ್ಲಿ ಕ್ವಿಬೆಕ್‌ನಲ್ಲಿ ಶೇ 50.58 ಜನ ಬೇಡ ಎಂದರು, ಕೂದಲೆಳೆಯಲ್ಲಿ ಕೆನಡಾ ಉಳಿಯಿತು. 1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಎರಡೂ ಕಡೆಗೆ ಕಹಿ ಕುಡಿಸಿತು. ಏಕಪಕ್ಷೀಯವಾಗಿ ಹೊರಹೋಗುವ ಹಕ್ಕು ಕ್ವಿಬೆಕ್‌ಗೆ ಇಲ್ಲ ಎಂದಿತು. ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಮಾತುಕತೆಗೆ ಕೂರದೆ ಇರುವ ಹಕ್ಕು ಒಟ್ಟಾವಾಕ್ಕೂ ಇಲ್ಲ ಎಂದಿತು. 2000ದಲ್ಲಿ ಅದು ಕಾಯ್ದೆಯಾಯಿತು. 2012ರಲ್ಲಿ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರಾನ್ ಎಡಿನ್‌ಬರೋಗೆ ಹೋಗಿ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಜೊತೆ ಜನಮತಗಣನೆಯ ಒಪ್ಪಂದಕ್ಕೆ ಸಹಿ ಹಾಕಿದರು. 2014ರ ಸೆಪ್ಟೆಂಬರ್ 18ರಂದು ಶೇ 84.6ರಷ್ಟು ಸ್ಕಾಟಿಷ್ ಮತದಾರರು ಬಂದು, ಶೇ 55ರಷ್ಟು ಮಂದಿ ಬೇಡ ಎಂದರು. ಸೋತವರು ಆ ಅಂಕಿಯನ್ನು ಪ್ರಶ್ನಿಸಲಿಲ್ಲ. ಮಾಂಟೆನೆಗ್ರೊದಲ್ಲಿ 2006ರಲ್ಲಿ ಶೇ 55ರ ಗೆರೆ ಎಳೆದದ್ದು ನೀವೂ ಸದಸ್ಯರಾಗಿರುವ ಐರೋಪ್ಯ ಒಕ್ಕೂಟವೇ.

ಜನಮತಗಣನೆ ಮನೆಮನೆಯನ್ನು ಒಡೆಯುತ್ತದೆ, ಬ್ರೆಕ್ಸಿಟ್ ನೋಡಿ ಎನ್ನುವಿರಿ. ಬ್ರೆಕ್ಸಿಟ್ ಕಲಿಸಿದ ಪಾಠ ಬೇರೆ. ಗೆದ್ದರೆ ಏನಾಗುತ್ತದೆ ಎಂದು ಬರೆದಿಡದೆ, ಗೆಲುವಿಗೆ ಗೆರೆ ಎಳೆಯದೆ ಪ್ರಶ್ನೆ ಕೇಳಬಾರದು ಎಂಬುದು ಆ ಪಾಠ. ಕೇಳಲೇಬಾರದು ಎಂದಲ್ಲ. ಸೆವಿಲ್ಲೆಯವರೂ ಗಲಿಸಿಯಾದವರೂ ಮತ ಹಾಕಬೇಕು ಎನ್ನುವಿರಿ. ಕೊನೆಯ ತಿದ್ದುಪಡಿಗೆ ಖಂಡಿತ ಹಾಕಲಿ, ಅದು ಅವರ ದೇಶವೂ ಹೌದು. ಆದರೆ ಕ್ಯಾಟಲನ್ನರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಲು ಕ್ಯಾಟಲನ್ನರನ್ನೇ ಕೇಳಬೇಕು. ಅಲೆ ಇಳಿದಿದೆ, ಈಗೇಕೆ ಕೆದಕಬೇಕು ಎಂಬುದು ನಿಮ್ಮ ಆಪ್ತರ ಕೊನೆಯ ವಾದ. 2024ರ ಮೇ ಚುನಾವಣೆಯಲ್ಲಿ ಸ್ವಾತಂತ್ರ್ಯವಾದಿ ಪಕ್ಷಗಳು ಬಹುಮತ ಕಳೆದುಕೊಂಡವು, ನಿಮ್ಮ ಪಕ್ಷದ ಸಾಲ್ವಡೋರ್ ಇಯಾ ಅಲ್ಲಿ ಅಧ್ಯಕ್ಷರಾದರು, ನಿಜ. ಬೀದಿ ತುಂಬಿದಾಗ ಬೆದರಿಕೆಗೆ ಮಣಿಯುವುದಿಲ್ಲ ಎಂದಿರಿ. ಬೀದಿ ಖಾಲಿಯಾದಾಗ ಯಾರೂ ಕೇಳುತ್ತಿಲ್ಲ ಎನ್ನುತ್ತಿದ್ದೀರಿ. ಹಾಗಾದರೆ ಕೇಳಲು ಸರಿಯಾದ ಕಾಲ ಯಾವುದು?

ಒಂದು ಕಠಿಣ ಮಾತು ಉಳಿದಿದೆ. 2023ರ ಜುಲೈ ಚುನಾವಣೆಗೆ ಮುನ್ನ, ಕ್ಷಮಾದಾನಕ್ಕೆ ಸಂವಿಧಾನದಲ್ಲಿ ಜಾಗವಿಲ್ಲ ಎಂದವರು ನೀವು. ಚುನಾವಣೆಯ ನಂತರ ಪುಜ್ಡೆಮೊನ್ ಪಕ್ಷದ ಏಳು ಸದಸ್ಯರ ಬೆಂಬಲ ಬೇಕಾಯಿತು, ಜಾಗವೂ ಆಯಿತು. ಕಾಯ್ದೆ 177ಕ್ಕೆ 172 ಮತಗಳಿಂದ ಅಂಗೀಕಾರವಾಯಿತು. ಅದು ಕಾನೂನುಬದ್ಧ, ಸಂಶಯವಿಲ್ಲ. ಆದರೆ ಬಾರ್ಸಿಲೋನಾದ 72 ಮತಗಳನ್ನು ತೆಳುವಾದ ಬಹುಮತ ಎಂದು ಜರಿದವರು, ಚುನಾವಣೆಯಲ್ಲಿ ಯಾರ ಮುಂದೆಯೂ ಇಡದ ವಿಷಯವನ್ನು ಐದು ಮತಗಳ ಅಂತರದಲ್ಲಿ ದಾಟಿಸಿದರು. ತತ್ವದಿಂದ ಬಂದಿದ್ದರೆ ಅದೇ ಕ್ಷಮೆ ದೇಶವನ್ನು ಹತ್ತಿರ ತರುತ್ತಿತ್ತು. ಅಗತ್ಯದಿಂದ ಬಂದದ್ದರಿಂದ ಅದು ಒಬ್ಬರಿಗೆ ಲಂಚದಂತೆ, ಇನ್ನೊಬ್ಬರಿಗೆ ಬಾಕಿ ವಸೂಲಿಯಂತೆ ಕಂಡಿತು. ಅಗತ್ಯ ನಿಮ್ಮಿಂದ ಒಂದು ಅಸಾಧ್ಯವನ್ನು ಆಗಲೇ ಮಾಡಿಸಿದೆ. ಎರಡನೆಯದನ್ನಾದರೂ ತತ್ವಕ್ಕಾಗಿ ಮಾಡಿ.

ನಾನು ಕೇಳುವುದು ಇಷ್ಟು. ಒಂದು, ಕೆನಡಾದಂತೆ ಸ್ಪೇನ್‌ಗೂ ಒಂದು ಸ್ಪಷ್ಟತಾ ಕಾಯ್ದೆ ತನ್ನಿ. ಪ್ರಶ್ನೆ ಬರೆಯುವವರು ಯಾರು, ಎಷ್ಟು ಮತದಾನ ಬೇಕು, ಎಷ್ಟು ಬಹುಮತ ಬೇಕು, ಒಮ್ಮೆ ಸೋತರೆ ಎಷ್ಟು ವರ್ಷ ಮತ್ತೆ ಕೇಳುವಂತಿಲ್ಲ ಎಂಬುದೆಲ್ಲ ಅದರಲ್ಲಿರಲಿ. ಕ್ಯಾಟಲೋನಿಯಾದೊಳಗೇ ತನ್ನ ಆಕ್ಸಿಟನ್ ಭಾಷೆ ಉಳಿಸಿಕೊಂಡಿರುವ ಅರಾನ್ ಕಣಿವೆಯ ಮಾತಿಗೆ ಬೆಲೆ ಎಷ್ಟು ಎಂಬುದೂ ಇರಲಿ. ಎರಡು, 2010ರಲ್ಲಿ ಕತ್ತರಿಸಿದ ಶಾಸನದ ಬದಲಿಗೆ ಹೊಸದೊಂದನ್ನು ರೂಪಿಸಿ, ಸಂವಿಧಾನಬದ್ಧತೆಯ ಪರೀಕ್ಷೆ ಮೊದಲೇ ಮುಗಿಸಿ, ಜನರ ಮುಂದಿಡಿ. ಮೂರು, ಆ ಮತಪತ್ರದಲ್ಲಿ ಈಗಿನಂತೆಯೇ ಉಳಿಯುವುದು, ಹೊಸ ಒಡಂಬಡಿಕೆ, ಬೇರೆಯಾಗುವುದು ಎಂಬ ಮೂರು ಆಯ್ಕೆಗಳಿರಲಿ. ಅದಕ್ಕೆ ಸಂವಿಧಾನದ ತಿದ್ದುಪಡಿ ಬೇಕಾದರೆ ಮಸೂದೆಯನ್ನು ನಿಮ್ಮ ಹೆಸರಿನಲ್ಲೇ ಮಂಡಿಸಿ, ಸೋತರೂ ಸರಿ. ಕಾನೂನುಬದ್ಧವಾದ, ಒಪ್ಪಂದದ ಜನಮತಗಣನೆ ಬೇಕೆಂದು 2012ರಲ್ಲಿ ಪ್ರಣಾಳಿಕೆಯಲ್ಲಿ ಬರೆದದ್ದು ನಿಮ್ಮದೇ ಸೋದರ ಪಕ್ಷ, ಕ್ಯಾಟಲನ್ ಸಮಾಜವಾದಿಗಳು. ಮರು ವರ್ಷ ನಿಮ್ಮ ಪಕ್ಷದ ಆದೇಶ ಮೀರಿ ಅದೇ ಬೇಡಿಕೆಯ ಪರ ಮ್ಯಾಡ್ರಿಡ್ ಸಂಸತ್ತಿನಲ್ಲಿ ಮತ ಹಾಕಿದ್ದೂ ಅವರೇ.

ಕ್ಯಾಟಲನ್ನರಲ್ಲಿ ಹೆಚ್ಚಿನವರು ಸ್ಪೇನ್‌ನಲ್ಲೇ ಇರಲು ಬಯಸುತ್ತಾರೆ ಎಂಬುದು ನಿಮ್ಮ ನಂಬಿಕೆ. ಅದು ನಿಜವೂ ಇರಬಹುದು. ಹಾಗಿದ್ದರೆ ಆ ಮಾತನ್ನು ನ್ಯಾಯಾಧೀಶರ ಬಾಯಲ್ಲಿ, ಪೊಲೀಸರ ಬಾಯಲ್ಲಿ, ಕೊನೆಗೆ ನಿಮ್ಮ ಬಾಯಲ್ಲಿ ಆಡಿಸಿದ್ದು ಸಾಕು. ಎರಡೂ ಕಡೆಯವರು ಬಂದು ಸಾಲಿನಲ್ಲಿ ನಿಲ್ಲುವಂಥ ಮತಗಟ್ಟೆ ಇಡಿ. ಅಲ್ಲಿ ಅವರೇ ಹೇಳಲಿ.

ಇತಿ,
ಕನ್ನಡ ನಾಡಿನ ಒಬ್ಬ ಮತದಾರ